ಗಂಡಿರುವೆಯ ಪ್ರಣಯ ಮತ್ತು ಕಾಳಗ



ಮುಂಗಾರಿನ ಮೊದಲ ಹದಮಳೆ ಬಿದ್ದು, ಹಂಪೆಯ ಹೆಬ್ಬಂಡೆಗಳ ಕಾವು ಇಳಿದು, ಸಂಡೂರಿನ ಗುಡ್ಡಗಳ ಕೆಮ್ಮಣ್ಣು ಮೆತ್ತಗಾದ ಸಂಜೆಗಳಲ್ಲಿ, ಹೊಸಪೇಟೆಯ ಬೀದಿದೀಪಗಳಿಗೂ ಕಂಪ್ಲಿಯ ಪಡಸಾಲೆಗಳಿಗೂ ಈಸಲುಹುಳುಗಳೊಡನೆ ರೆಕ್ಕೆಯ ಗೊದ್ದಗಳೂ ಬಂದು ಮುತ್ತುವುದನ್ನು ತಾವೆಲ್ಲರೂ ಬಲ್ಲಿರಿ. ಸೊಂಟ ಸಣ್ಣಗಿದ್ದು, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ಉದ್ದವಾಗಿದ್ದರೆ ಅದು ಇರುವೆ. ಅದರಲ್ಲಿಯೂ ಮೈ ಕೃಶವಾಗಿ, ತಲೆ ಕಿರಿದಾಗಿ, ಕಣ್ಣು ಮಾತ್ರ ದೊಡ್ಡದಾಗಿದ್ದರೆ ಗಂಡು. ಇರುವೆಗೆ ರೆಕ್ಕೆ ಬರುವುದು ಸಾಯುವುದಕ್ಕೇ ಎಂಬ ಹಿರಿಯರ ಮಾತು ಇವನ ಮಟ್ಟಿಗೆ ಅಕ್ಷರಶಃ ಸತ್ಯ. ಫಲಿತವಾಗದ ಮೊಟ್ಟೆಯಿಂದ ಹುಟ್ಟಿದ ಇವನಿಗೆ ತಂದೆಯಿಲ್ಲ, ತಾಯಿಯ ತಂದೆ ಮಾತ್ರ ಉಂಟು.

1871ರಲ್ಲಿ ಡಾರ್ವಿನ್ ಲೈಂಗಿಕ ಆಯ್ಕೆಯ ತತ್ತ್ವವನ್ನು ವಿಸ್ತರಿಸಿ ಬರೆದಾಗ ನವಿಲಿನ ಗರಿಗೂ ಸಾರಂಗದ ಕೊಂಬಿಗೂ ದೊರೆತ ಗೌರವ ಗಂಡಿರುವೆಗೆ ದೊರೆಯಲಿಲ್ಲ. 1965ರಲ್ಲಿ ಜರ್ಮನಿಯ ಹೋಲ್‌ಡಾಬ್ಲರ್ ಮತ್ತು ಮಾಶ್ವಿಟ್ಸ್ ಎಂಬ ವಿದ್ವಾಂಸರು, ನಮ್ಮ ಗೊದ್ದದ ಕುಲಕ್ಕೇ ಸೇರಿದ ಇರುವೆಯಲ್ಲಿ, ಗಂಡುಗಳು ದವಡೆಯ ಗ್ರಂಥಿಯಿಂದ ಸೂಸುವ ಗಂಧವೇ ರಾಣಿಯರನ್ನು ಹಾರಾಟಕ್ಕೆ ಎಬ್ಬಿಸುವುದೆಂದು ತೋರಿಸಿದರು. ಮದರಾಸು ಸೈನ್ಯದ ವೈದ್ಯ ಜರ್ಡನ್ 1851ರಲ್ಲಿ ಹೆಸರಿಟ್ಟ ನೆಗೆಯುವ ಇರುವೆಯನ್ನು ನಮ್ಮ ಜೋಗದ ಸುತ್ತ ಶೋಧಿಸಿದಾಗ, ಅಲ್ಲಿ ರಾಣಿಯಲ್ಲದೆ ಕೆಲಸಗಾರ್ತಿಯರೂ ಗೂಡಿನೊಳಗಿನ ಗಂಡುಗಳನ್ನು ಕೂಡುವರೆಂಬುದು ತಿಳಿದುಬಂತು.

ಆದರೆ ನನ್ನ ಮನಸ್ಸನ್ನು ಸೆರೆಹಿಡಿದವನು ಬೇರೆ. ಮುಂಬಯಿ ಪ್ರಾಂತದ ಅರಣ್ಯಾಧಿಕಾರಿ ರಾಟನ್‌ರ ಹೆಸರನ್ನು ಸ್ವಿಸ್ ಪಂಡಿತ ಫೊರೆಲ್ 1890ರಲ್ಲಿ ಒಂದು ಪುಟ್ಟ ಇರುವೆಗೆ ಇಟ್ಟರು; ಅದು ಕಾರ್ಡಿಯೊಕಾಂಡೈಲಾ ಕುಲದ್ದು, ಉದ್ದ ಸುಮಾರು 2 ಮಿಲಿಮೀಟರು. ಈ ಕುಲದ ಗಂಡುಗಳ ಕಾಳಗದ ವೃತ್ತಾಂತವನ್ನು 1987ರಲ್ಲಿ ಪ್ರಕಟಿಸಿದವರು ಜಪಾನಿನ ಕಿನೋಮುರಾ ಮತ್ತು ಯಾಮೌಚಿ. ಭಾರತದ ಕಾಡಧಿಕಾರಿಯ ಹೆಸರು ಹೊತ್ತ ಇರುವೆಯ ಕಥೆಯನ್ನು ನಾವೇ ಮೊದಲು ಹೇಳಲಿಲ್ಲವಲ್ಲಾ ಎಂಬ ವ್ಯಥೆ ನನಗಿದ್ದೇ ಇದೆ.

ಇಲ್ಲಿ ಎರಡು ಬಗೆಯ ಗಂಡುಗಳು. ಒಬ್ಬನಿಗೆ ರೆಕ್ಕೆಯಿಲ್ಲ, ದವಡೆ ಕುಡುಗೋಲಿನಂತೆ ಬಾಗಿದೆ. ಒಣಗಿದ ಕಡ್ಡಿಯ ಟೊಳ್ಳಿನೊಳಗೆ ಸುತ್ತುತ್ತ, ಆಗತಾನೆ ಕೋಶ ಬಿಟ್ಟ, ಇನ್ನೂ ಮೈ ಗಟ್ಟಿಯಾಗದ ಪ್ರತಿಸ್ಪರ್ಧಿಯನ್ನು ಕಂಡೊಡನೆ ಇರಿದು ಕೊಲ್ಲುತ್ತಾನೆ. ಎದುರಾಳಿ ಬಲಿತವನಾದರೆ, ಅವನ ಮೈಗೆ ತನ್ನ ಮಲದ್ವಾರದ ಸ್ರಾವವನ್ನು ಬಳಿದು ಬಿಡುತ್ತಾನೆ. ಅದರ ವಾಸನೆಗೆ ಕೆಲಸಗಾರ್ತಿಯರೇ ಬಂದು ಅವನನ್ನು ಕಡಿದು ಹಾಕುತ್ತಾರೆ. ಸಾಮಾನ್ಯವಾಗಿ ಗಂಡಿರುವೆಯ ಶುಕ್ರಾಣು ಅವನು ಪ್ರೌಢನಾಗುವಷ್ಟರಲ್ಲಿಯೇ ತಯಾರಾಗಿ ಮುಗಿದಿರುತ್ತದೆ. ಈ ಯೋಧನಲ್ಲಿ ಮಾತ್ರ ಅದು ಆಯುಷ್ಯವಿಡೀ ಉತ್ಪನ್ನವಾಗುತ್ತಲೇ ಇರುವುದೆಂದು ಹೈನ್ಸೆ ಮತ್ತು ಹೋಲ್‌ಡಾಬ್ಲರ್ 1993ರಲ್ಲಿ ಕಂಡರು.

ಇಂಥ ಯಮಸದೃಶರ ನಡುವೆ, ರೆಕ್ಕೆಯುಳ್ಳ ಸಾಧುಸ್ವಭಾವದ ಎರಡನೆಯ ಗಂಡು ಹೇಗೆ ಬದುಕಿದ? ಇದಕ್ಕೆ ಉತ್ತರ ಸಿಲ್ವಿಯಾ ಕ್ರೆಮರ್ ಮತ್ತು ಸಂಗಡಿಗರಿಂದ 2002ರಲ್ಲಿ ಬಂತು. ಎಳೆಯ ವಯಸ್ಸಿನಲ್ಲಿ ಅವನ ಮೈಯ ಗಂಧ ಕನ್ನೆರಾಣಿಯ ಗಂಧವನ್ನೇ ಹೋಲುತ್ತದೆ. ಯೋಧನು ಅವನನ್ನು ಕೊಲ್ಲುವುದಿಲ್ಲ; ಕನ್ನೆಯೆಂದೇ ಭ್ರಮಿಸಿ ಅವನೊಡನೆ ಕೂಡಲು ಯತ್ನಿಸುತ್ತಾನೆ. ಆ ಗಂಧದ ಮರೆಯಲ್ಲಿಯೇ ರೆಕ್ಕೆಯವನು ಗೂಡಿನೊಳಗಿನ ನಿಜವಾದ ಕನ್ನೆಯರನ್ನು ಕೂಡಿ, ಆಮೇಲೆ ಹೊರಲೋಕಕ್ಕೆ ಹಾರಿಹೋಗುತ್ತಾನೆ.