ನರೇಗಲ್ಲಿನ ಹಳೆಯ ಬಸದಿ



ಮರುಭೂಮಿಯ ಪಾಳುಗುಡಿ ಎಂದೊಡನೆ ನಿಮಗೆ ಸಿರಿಯಾ ದೇಶದ ಪಾಲ್ಮೈರಾ ನೆನಪಾಗಬಹುದು. ಮರಳುಗಾಡಿನ ಒಂದು ಚಿಲುಮೆಯನ್ನು ನಂಬಿ ಬೆಳೆದ ಊರು ಅದು. ಅಲ್ಲಿಯ ಬೆಲ್ ದೇವತೆಯ ಗುಡಿ ಕ್ರಿ.ಶ. 32ರದು. ಗಾಳಿ ಬಿಸಿಲುಗಳು ಎರಡು ಸಾವಿರ ವರ್ಷ ಕೆಡವಲಾರದ್ದನ್ನು 2015ರ ಆಗಸ್ಟಿನಲ್ಲಿ ಮನುಷ್ಯರು ಸಿಡಿಮದ್ದಿಟ್ಟು ಉರುಳಿಸಿದರು. ನಮ್ಮಲ್ಲಿ ಅಂಥ ಮರಳುಗಾಡಿಲ್ಲ. ನೀರಿಗಾಗಿ ಮುಗಿಲು ನೋಡುವ ಬಯಲುಸೀಮೆ ಇದೆ. ಅಲ್ಲಿಗೇ ಹೋಗೋಣ.

ಗದಗದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯಲ್ಲಿ ನರೇಗಲ್ ಸಿಗುತ್ತದೆ. ಈ ಸೀಮೆಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಮಲಪ್ರಭೆಯೂ ತುಂಗಭದ್ರೆಯೂ ದೂರ. ಇಲ್ಲಿ ಜನ ನಾರಾಯಣ ದೇವಾಲಯವೆಂದು ಕರೆಯುವ ಕಟ್ಟಡ ಮೂಲತಃ ಜೈನ ಬಸದಿ. ರಾಷ್ಟ್ರಕೂಟರ ಕಾಲದ ದೊಡ್ಡ ಬಸದಿಗಳಲ್ಲೊಂದು. ಕಟ್ಟಿಸಿದವಳು ಗಂಗರ ಇಮ್ಮಡಿ ಬೂತುಗನ ರಾಣಿ ಪದ್ಮಬ್ಬರಸಿ. ಬೂತುಗನು 949ರ ತಕ್ಕೋಲಂ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದು, ಮುಮ್ಮಡಿ ಕೃಷ್ಣನಿಂದ ಬೆಳ್ವೊಲ ಮುಂತಾದ ನಾಡುಗಳನ್ನು ಪಡೆದವನು.

ಆದರೆ 950ರ ಇಲ್ಲಿಯ ಶಾಸನದಲ್ಲಿ ನನ್ನ ಮನಸ್ಸು ಹಿಡಿದದ್ದು ಯುದ್ಧವಲ್ಲ, ಒಂದು ಕೆರೆ. ಬಸದಿಗೆ ಸೇರಿದ ದಾನಶಾಲೆಗೆ ಕೆರೆಯೊಂದನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಯೋಚಿಸಿ ನೋಡಿ: ಮಳೆ ಕೈಕೊಡುವ ನಾಡಿನಲ್ಲಿ ದಾರಿಹೋಕರಿಗೆ ಅನ್ನವಿಡಬೇಕಾದರೆ ಚಿನ್ನಕ್ಕಿಂತ ನೀರೇ ಭದ್ರವಾದ ಆಸ್ತಿಯಲ್ಲವೆ?

ಇನ್ನು ಇಂಥ ಕಟ್ಟಡಗಳು ಹಾಳಾಗುವುದು ಹೇಗೆ? ಎಲ್ಲಕ್ಕೂ ಶತ್ರುಗಳ ದಾಳಿಯೇ ಕಾರಣವೆಂದು ತಿಳಿಯಬೇಡಿ. ಈ ಭಾಗದ ಎರಿ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಸಾವಿರ ಸಲ ಹೀಗೆ ಉಸಿರಾಡುವ ನೆಲದ ಮೇಲೆ, ಗಾರೆಯಿಲ್ಲದೆ ಜೋಡಿಸಿದ ಕಲ್ಲುಗಳ ಸಂದು ಬಾಯಿ ತೆರೆಯುತ್ತದೆ. ಹಕ್ಕಿ ತಂದ ಅರಳಿಯ ಬೀಜ ಅಲ್ಲಿ ಬೇರು ಬಿಡುತ್ತದೆ. ನೆಲದ ತೇವ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರಿ ಆರಿದಾಗ ಅದರಲ್ಲಿನ ಉಪ್ಪು ಹರಳುಗಟ್ಟಿ ಕಣಕಣವಾಗಿ ಕಲ್ಲನ್ನು ಉದುರಿಸುತ್ತದೆ. ಭಕ್ತಿಯಿಂದ ಬಳಿದ ಸಿಮೆಂಟು ಒಳಗಿನ ತೇವವನ್ನು ಹೊರಬಿಡದೆ ಇನ್ನಷ್ಟು ಕೆಡಿಸುತ್ತದೆ. ಸುಣ್ಣ ಬಳಿದರೆ ಅಕ್ಷರಗಳೇ ಮುಚ್ಚಿಹೋಗುತ್ತವೆ. ಕಲ್ಲಿನ ಮೇಲೆ ಮೊಳೆಯಿಂದ ಹೆಸರು ಕೆತ್ತುವ ಮಹನೀಯರ ಮಾತು ಬೇಡ. ನಿಮ್ಮ ತರಗತಿಯಲ್ಲಿಯೂ ಒಬ್ಬಿಬ್ಬರು ಇರಬಹುದು!

ಹೋಗುವುದಾದರೆ ನಡುಮಧ್ಯಾಹ್ನ ಹೋಗಬೇಡಿ. ನೆತ್ತಿಯ ಮೇಲಿನ ಬಿಸಿಲಿಗೆ ಸವೆದ ಅಕ್ಷರ ಕಾಣುವುದಿಲ್ಲವೆಂಬುದು ಕ್ಯಾಮೆರಾ ಹಿಡಿದವರಿಗೆಲ್ಲ ಗೊತ್ತು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಪ್ರತಿ ಗೆರೆಗೂ ನೆರಳು ಮೂಡುತ್ತದೆ. ಕತ್ತಲ ಮೂಲೆಯಾದರೆ ಟಾರ್ಚನ್ನು ಎದುರಿನಿಂದಲ್ಲ, ಕಲ್ಲಿನ ಮಗ್ಗುಲಿನಿಂದ ಹಿಡಿಯಿರಿ. ಸೀಮೆಸುಣ್ಣ ತೀಡಬೇಡಿ. ಮುಗಿದ ಮೇಲೆ, ದಾನಶಾಲೆಗೆ ಬಿಟ್ಟ ಆ ಕೆರೆ ಯಾವುದಿದ್ದೀತೆಂದು ಊರ ಹಿರಿಯರನ್ನು ಕೇಳಿ. ನೆಲದ ಇಳಿಜಾರು ನೋಡುತ್ತ, ಮಳೆನೀರು ಎತ್ತ ಹರಿದು ಎಲ್ಲಿ ನಿಲ್ಲುತ್ತದೆಂದು ನೀವೇ ನಡೆದು ಗುರುತು ಹಾಕಿಕೊಳ್ಳಿ.