ನಿವೃತ್ತಿ, ರೋಗ ಮತ್ತು ಕೃತಜ್ಞತೆ



ಇಂದಿನ ಸಭೆಯಲ್ಲಿ ನರೆತ ತಲೆಗಳೇ ಹೆಚ್ಚಾಗಿ ಕಾಣುತ್ತಿವೆ. ಆದ್ದರಿಂದ ನಿಮ್ಮ ಮನೆಯ ಮಾತನ್ನೇ ಆಡಬೇಕೆಂದಿದ್ದೇವೆ. ಶಾಸ್ತ್ರದಲ್ಲಿ ನಿವೃತ್ತಿ ಎಂದರೆ ವಿಷಯಗಳಿಂದ ಮನಸ್ಸು ಹಿಂದಿರುಗುವುದು. ಕಚೇರಿಯ ನಿವೃತ್ತಿ ಹಾಗಲ್ಲ. ಅಲ್ಲಿ ಸಂಬಳ ನಿಲ್ಲುತ್ತದೆ, ಮನಸ್ಸು ಮಾತ್ರ ಕಚೇರಿಯ ಮೇಜಿನ ಮುಂದೆಯೇ ಕುಳಿತಿರುತ್ತದೆ.

ಎಲ್ಲರ ನಿವೃತ್ತಿಯೂ ಒಂದೇ ಬಗೆಯದಲ್ಲ. ರಾಜ್ಯ ಸರ್ಕಾರದ ಕೆಲಸಕ್ಕೆ 2006ರ ಏಪ್ರಿಲ್‌ಗೆ ಮುಂಚೆ ಸೇರಿದವರಿಗೆ ನಿಶ್ಚಿತವಾದ ಪಿಂಚಣಿಯುಂಟು. ಗಿರಣಿ, ಕಾರ್ಖಾನೆಗಳಲ್ಲಿ ದುಡಿದವರಿಗೆ ಭವಿಷ್ಯನಿಧಿಯ ಪಿಂಚಣಿ. ಅದರ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1000 ರೂಪಾಯಿ ಎಂದು ಗೊತ್ತುಮಾಡಿದರು. ನೇಗಿಲು ಹಿಡಿದವನಿಗಾದರೋ ಮೈ ಸೋತ ದಿನವೇ ನಿವೃತ್ತಿ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಇವುಗಳಿಗೆ ಈ ಭೇದವಿಲ್ಲ. ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿಬಿಡುತ್ತವೆ.

ನಮ್ಮ ಮಠದ ಭಕ್ತರಾದ ಹಿರಿಯ ಶಿಕ್ಷಕರೊಬ್ಬರು ರಕ್ತದೊತ್ತಡದ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮಗನ ಮೇಲೆ ಮನೆ ಕಟ್ಟಿದ ಸಾಲವಿದೆ, ಮೊಮ್ಮಗಳ ಕಾಲೇಜಿನ ಖರ್ಚಿದೆ, ತನ್ನ ಭಾರ ಅವರ ಮೇಲೆ ಬೀಳಬಾರದು ಎಂಬುದು ಅವರ ಎಣಿಕೆ. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ವಿಷಯ ಹೊರಬಿತ್ತು. ನಾವು ನೋಡಲು ಹೋದಾಗ ತೊದಲುತ್ತ ಅವರು ಹೇಳಿದ ಮಾತು ಇಷ್ಟೆ: “ಬುದ್ಧಿ, ತಿಂಗಳಿಗೆ ಮುನ್ನೂರು ರೂಪಾಯಿ ಉಳಿಯುತ್ತಿತ್ತು.” ಮಗ ಪಕ್ಕದಲ್ಲಿಯೇ ನಿಂತಿದ್ದ. ಆಸ್ಪತ್ರೆಗೆ ಹಣ ಕಟ್ಟಲು ಅವನು ನಿವೇಶನ ಮಾರಿದ್ದ. ಆದರೆ ಅವನು ಅತ್ತದ್ದು ನಿವೇಶನಕ್ಕಾಗಿ ಅಲ್ಲ. ‘ನನಗೆ ಒಂದು ಮಾತು ಹೇಳಲಿಲ್ಲವಲ್ಲ’ ಎಂದು ಅತ್ತ.

ಚರಕಾಚಾರ್ಯರು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ್ದಾರೆ: ವೈದ್ಯ, ಔಷಧ, ಶುಶ್ರೂಷೆ ಮಾಡುವವನು ಮತ್ತು ರೋಗಿ. ವೈದ್ಯನಿಗೆ ಗುಣಗಳಿರಬೇಕೆಂದು ಎಲ್ಲರೂ ಹೇಳುತ್ತಾರೆ. ರೋಗಿಗೂ ನಾಲ್ಕು ಗುಣಗಳಿರಬೇಕೆಂದು ಚರಕರು ವಿಧಿಸಿದ್ದನ್ನು ನಾವು ಮರೆತಿದ್ದೇವೆ. ಸ್ಮೃತಿ ಎಂದರೆ ನೆನಪು. ನಿರ್ದೇಶಕಾರಿತ್ವ ಎಂದರೆ ವೈದ್ಯ ಹೇಳಿದಂತೆ ನಡೆಯುವುದು. ಮೂರನೆಯದು ಅಭೀರುತ್ವ, ಅಂಜದಿರುವುದು. ನಾಲ್ಕನೆಯದು ಜ್ಞಾಪಕತ್ವ. ಇದಕ್ಕೆ ನೆನಪು ಎಂದು ಅರ್ಥ ಹೇಳಬೇಡಿರಿ, ನೆನಪು ಮೊದಲೇ ಬಂದಾಯಿತು. ಜ್ಞಾಪಕತ್ವ ಎಂದರೆ ತಿಳಿಸುವ ಗುಣ, ತನ್ನ ರೋಗವನ್ನು ಬಾಯಿಬಿಟ್ಟು ಹೇಳುವ ಗುಣ. ಆ ಶಿಕ್ಷಕರಲ್ಲಿ ಎಲ್ಲ ಸದ್ಗುಣಗಳೂ ಇದ್ದವು, ಇದೊಂದು ಇರಲಿಲ್ಲ. ಮುಚ್ಚಿಟ್ಟ ರೋಗ ಮುಚ್ಚಿಟ್ಟ ಸಾಲದಂತೆ, ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಹಣವೆಲ್ಲಿಂದ ಬರಬೇಕು ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 2018ರಿಂದ ಆಯುಷ್ಮಾನ್ ಭಾರತ ಯೋಜನೆಯುಂಟು. 70 ವರ್ಷ ತುಂಬಿದವರಿಗೆ ವರಮಾನವನ್ನು ನೋಡದೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಎಂದು 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ವಿಸ್ತರಿಸಿತು. ಅದು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂಬುದನ್ನು ರೋಗ ಬರುವ ಮೊದಲೇ ವಿಚಾರಿಸಿಕೊಳ್ಳಬೇಕು. ಸಹಕಾರ ಸಂಘದ ರೈತರಿಗೆ ಯಶಸ್ವಿನಿ 2003ರಲ್ಲಿ ಬಂದಿತು, 2018ರಲ್ಲಿ ನಿಂತಿತು, 2022ರಲ್ಲಿ ಮತ್ತೆ ಎದ್ದಿತು. ಇವೆಲ್ಲ ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರಿಗೆ. ದಿನದಿನದ ಗುಳಿಗೆಗೆ ಇವು ಸಹಾಯಕ್ಕೆ ಬರುವುದಿಲ್ಲ. ಅದಕ್ಕೆ ಜನೌಷಧಿ ಅಂಗಡಿಗಳಿವೆ. ಅದೇ ಔಷಧ, ದೊಡ್ಡ ಕಂಪನಿಯ ಹೆಸರಿಲ್ಲದೆ, ಎಷ್ಟೋ ಸಲ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ವೈದ್ಯರನ್ನು ಕೇಳಿ ಬದಲಾಯಿಸಿಕೊಳ್ಳಿರಿ. ಅಗ್ಗದ ಔಷಧಿ ಕೊಳ್ಳುವುದು ಅವಮಾನವೆಂದು ತಿಳಿಯುವವರಿದ್ದಾರೆ. ಗುಳಿಗೆಯ ಮೇಲಿನ ಬಣ್ಣದ ಕಾಗದವನ್ನು ಯಾರೂ ನುಂಗುವುದಿಲ್ಲ!

ಹಿರಿಯರಿಗೆ ಇನ್ನೊಂದು ಮಾತು. ಕೈಗೆ ಬಂದ ಗ್ರಾಚ್ಯುಟಿಯನ್ನೆಲ್ಲ ಮದುವೆಗೂ ಗೃಹಪ್ರವೇಶಕ್ಕೂ ಸುರಿದು, ಊರಿಗೆಲ್ಲ ಊಟ ಹಾಕಿ, ಮರುವರ್ಷ ಕಣ್ಣಿನ ಪೊರೆ ತೆಗೆಸಲು ಸಾಲ ಕೇಳುವುದು ದಾಸೋಹವಲ್ಲ. ಔಷಧಿಗೆಂದು ಒಂದು ಪಾಲನ್ನು ನಿಮ್ಮ ಹೆಸರಿನಲ್ಲಿಯೇ ಇಟ್ಟುಕೊಳ್ಳಿರಿ. ಮಕ್ಕಳಿಗೂ ಹೇಳುತ್ತೇವೆ: ತಂದೆತಾಯಿಗಳ ಅನ್ನ, ವಸತಿ, ಚಿಕಿತ್ಸೆ ಮಕ್ಕಳ ಹೊಣೆ ಎಂದು 2007ರಲ್ಲಿ ಸರ್ಕಾರ ಕಾನೂನು ಮಾಡಬೇಕಾಯಿತು. ಕಾನೂನು ಒಳ್ಳೆಯದೇ. ಆದರೆ ಅದು ಬೇಕಾಯಿತಲ್ಲ ಎಂಬುದನ್ನು ನೆನೆದರೆ ತಲೆ ತಗ್ಗುತ್ತದೆ.

ಇನ್ನು ಕೃತಜ್ಞತೆ. ನೋವಿನಿಂದ ನರಳುವವನ ಬಳಿ ಕುಳಿತು ‘ಇಷ್ಟಾದರೂ ಇದೆಯಲ್ಲ, ಸಂತೋಷಪಡು’ ಎಂದು ಉಪದೇಶ ಮಾಡುವವರನ್ನು ನಾವು ಮೆಚ್ಚುವುದಿಲ್ಲ. ಆ ಶಬ್ದವನ್ನು ಬಿಡಿಸಿ ನೋಡಿರಿ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವನು. ತನಗಾಗಿ ಯಾರು ಏನು ಮಾಡಿದರೆಂಬುದನ್ನು ಬಲ್ಲವನು ಕೃತಜ್ಞ. ಅದಕ್ಕೆ ನಗುಮುಖ ಬೇಕಾಗಿಲ್ಲ, ನೆನಪು ಬೇಕು. ರಾತ್ರಿ ಎರಡು ಗಂಟೆಗೆ ಎದ್ದು ಬಿಸಿನೀರು ಕಾಯಿಸಿಕೊಟ್ಟ ಸೊಸೆ, ಆಸ್ಪತ್ರೆಯ ಸಾಲಿನಲ್ಲಿ ನಿಮ್ಮ ಪರವಾಗಿ ನಿಂತ ಪಕ್ಕದ ಮನೆಯ ಹುಡುಗ, ಹಾಸಿಗೆ ಬದಲಾಯಿಸಿದ ದಾದಿ, ಇವರ ಹೆಸರು ನಿಮಗೆ ಗೊತ್ತೆ? ನೋವು ನೋವಾಗಿಯೇ ಇರಲಿ. ಅದರ ಪಕ್ಕದಲ್ಲಿ ಈ ಹೆಸರುಗಳೂ ಇರಲಿ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಎತ್ತಿ, ಮುದುಕರು ಕಡಿಮೆಯಲ್ಲಿ ಬಾಳಬೇಕೆಂದು ಕೆಲವರು ವಾದಿಸುತ್ತಾರೆ. ಕಥೆಯನ್ನು ಸರಿಯಾಗಿ ನೋಡಿರಿ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆ ತಾಯಿ ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದಳು. ಬೇಕಾದ ಅಳತೆಯ ಅಕ್ಕಿಯನ್ನು ಬೇಡವೆನ್ನಲಿಲ್ಲ, ಅಂದಿನ ಅಡುಗೆಯನ್ನು ನಿಲ್ಲಿಸಲಿಲ್ಲ. ಬೇಕಾದ ಗುಳಿಗೆ ಬೇಕಾದ ಅಕ್ಕಿಯಿದ್ದಂತೆ.

ನಾಳೆ ಸಂಜೆ ನಾಲ್ಕು ಗಂಟೆಗೆ ಪಾಠಶಾಲೆಯ ಜಗುಲಿಯಲ್ಲಿ ಓದುಬರಹ ಬಲ್ಲ ಹುಡುಗರು ನಾಲ್ವರು ಕುಳಿತಿರುತ್ತಾರೆ. ನಿಮ್ಮ ಆಧಾರ್ ಚೀಟಿ, ಪಡಿತರ ಚೀಟಿ, ವೈದ್ಯರು ಬರೆದುಕೊಟ್ಟ ಔಷಧಿಯ ಚೀಟಿ ತನ್ನಿರಿ. ಯಾರಿಗೆ ಯಾವ ಯೋಜನೆ ಸಲ್ಲುತ್ತದೆಂದು ಅವರು ನೋಡಿ ಹೇಳುತ್ತಾರೆ. ಬರುವಾಗ ಮಗನನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು ಬನ್ನಿರಿ, ಅವರ ಎದುರಿಗೇ ಚೀಟಿ ಬಿಚ್ಚಿರಿ. ಈಗ ಪ್ರಸಾದಕ್ಕೆ ಹೊತ್ತಾಯಿತು, ಮೊಣಕಾಲು ನೋವಿನವರು ನಿಧಾನವಾಗಿ ಏಳಿರಿ.