ಮನೆ, ಶಾಲೆ ಮತ್ತು ಊರಿನ ನಕ್ಷೆ

ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲೂಕಿನ ನಿಡಸೋಸಿಯು ದುರದುಂಡೀಶ್ವರ ಮಠದಿಂದ ಹೆಸರಾದ ಊರು; 1996ರಲ್ಲಿ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯ ಇಲ್ಲಿ ಆರಂಭವಾದಂದಿನಿಂದ ಇಂಜಿನಿಯರಿಂಗ್ ಓದಲು ಬರುವ ವಿದ್ಯಾರ್ಥಿಗಳಿಗೂ ಇದು ಪರಿಚಿತ. ನೆರೆಯ ಸಂಕೇಶ್ವರದಲ್ಲಿ ಪುರಸಭೆಯಿದೆ, ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ, ಪುಣೆ–ಬೆಂಗಳೂರು ಹೆದ್ದಾರಿಯಿದೆ. ಉನ್ನತ ಶಿಕ್ಷಣ ಹಳ್ಳಿಯ ಅಂಗಳಕ್ಕೇ ಬಂದಿರುವ ಇಂಥ ಸೀಮೆಯಲ್ಲಿಯೂ ಕಬ್ಬಿನ ಹಂಗಾಮಿನಲ್ಲಿ ವಲಸೆ ಬಂದ ಕುಟುಂಬಗಳ ಕೆಲವು ಮಕ್ಕಳು ಶಾಲೆಯಿಂದ ದೂರ ಉಳಿಯುತ್ತಾರೆ ಎಂಬುದನ್ನು ಗಮನಿಸಿದರೆ, ವಸತಿ ಮತ್ತು ಶಿಕ್ಷಣ ಎರಡು ಬೇರೆ ಬೇರೆ ಇಲಾಖೆಗಳ ಕಡತಗಳಾಗಿದ್ದರೂ ಮಗುವಿನ ಪಾಲಿಗೆ ಒಂದೇ ಪ್ರಶ್ನೆ ಎಂಬುದು ಸ್ಪಷ್ಟವಾಗುತ್ತದೆ.

ಈ ಎರಡನ್ನೂ ಜೋಡಿಸಿ ಯೋಚಿಸಿದವರಲ್ಲಿ ಅಮೆರಿಕದ ಕ್ಲಾರೆನ್ಸ್ ಪೆರಿ ಮುಖ್ಯನು. 1929ರಲ್ಲಿ ಅವನು ಮಂಡಿಸಿದ ‘ನೆರೆಹೊರೆ ಘಟಕ’ದ ಕಲ್ಪನೆಯಲ್ಲಿ ಬಡಾವಣೆಯ ಅಳತೆಯನ್ನು ನಿರ್ಧರಿಸುವುದು ಪ್ರಾಥಮಿಕ ಶಾಲೆ: ಒಂದು ಶಾಲೆಯನ್ನು ತುಂಬುವಷ್ಟು ಮನೆಗಳಿರಬೇಕು, ಮಗು ನಡೆದೇ ಶಾಲೆ ಮುಟ್ಟುವಂತಿರಬೇಕು, ವಾಹನ ದಟ್ಟಣೆಯ ರಸ್ತೆ ಬಡಾವಣೆಯ ಅಂಚಿನಲ್ಲಿರಬೇಕೇ ಹೊರತು ನಡುವೆ ಹಾಯಬಾರದು. ಹೆದ್ದಾರಿಯ ಮಗ್ಗುಲಲ್ಲಿ ಬೆಳೆಯುವ ಪಟ್ಟಣಗಳಿಗೆ ಈ ಕೊನೆಯ ಮಾತು ಬಹಳ ಮುಖ್ಯವಾದುದು, ಏಕೆಂದರೆ ರಸ್ತೆಯಾಚೆಯ ಶಾಲೆ ನಕ್ಷೆಯಲ್ಲಿ ಹತ್ತಿರ ಕಂಡರೂ ಆರು ವರ್ಷದ ಮಗುವಿಗೆ ದೂರವೇ.

ಕರ್ನಾಟಕದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯು ನಗರ ಪ್ರದೇಶದ ಭೂಮಿಯನ್ನು ವಸತಿ, ವಾಣಿಜ್ಯ, ಕೈಗಾರಿಕೆ ಎಂದು ವಿಂಗಡಿಸುವ ಮಹಾಯೋಜನೆಗೆ, ಅಂದರೆ ಮುಂದಿನ ಹಲವು ವರ್ಷಗಳ ಬೆಳವಣಿಗೆಯ ನಕ್ಷೆಗೆ, ಅವಕಾಶ ಕಲ್ಪಿಸಿದೆ. ಅನುಮೋದನೆ ಪಡೆದ ಬಡಾವಣೆಯಲ್ಲಿ ರಸ್ತೆ ಮತ್ತು ಉದ್ಯಾನದೊಂದಿಗೆ ‘ನಾಗರಿಕ ಸೌಲಭ್ಯ ನಿವೇಶನ’ವನ್ನೂ, ಅಂದರೆ ಶಾಲೆ, ಆಸ್ಪತ್ರೆ ಮೊದಲಾದವುಗಳ ಜಾಗವನ್ನೂ, ಬಿಡಬೇಕಾಗುತ್ತದೆ. ಆದರೆ ಹೊಲವನ್ನು ಬಿನ್‌ಶೇತಕಿ ಮಾಡಿಸದೆ, ಎಂದರೆ ಕೃಷಿಯೇತರ ಬಳಕೆಗೆ ಪರಿವರ್ತಿಸದೆ, ಗುಂಠೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದಲ್ಲಿ ಈ ಕಟ್ಟಳೆ ಯಾವುದೂ ಪಾಲನೆಯಾಗುವುದಿಲ್ಲ. ಅಲ್ಲಿ ಕೊಂಡವನು ಹೇಗೋ ಮನೆ ಕಟ್ಟಿಕೊಳ್ಳುತ್ತಾನೆ. ಶಾಲೆಗೆ ಜಾಗವಿಲ್ಲವೆಂಬುದು ಹತ್ತು ವರ್ಷಗಳ ಮೇಲೆ, ಮಕ್ಕಳು ಬೆಳೆದು ನಿಂತಾಗ ತಿಳಿಯುತ್ತದೆ, ಆಗ ಸುತ್ತಲಿನ ಭೂಮಿಯ ಬೆಲೆ ಪುರಸಭೆಯ ಕೈಗೆ ಎಟುಕದಷ್ಟಾಗಿರುತ್ತದೆ.

ಸ್ವಂತ ಮನೆಯಿಲ್ಲದವರ ಮಕ್ಕಳ ಓದಿಗೆ ಈ ನಾಡು ಹಿಂದೆಯೇ ಒಂದು ದಾರಿ ಕಂಡುಕೊಂಡಿತ್ತು. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠ ಮೊದಲಾದ ಮಠಗಳು ನಡೆಸಿದ ಉಚಿತ ಪ್ರಸಾದನಿಲಯಗಳು ಹಳ್ಳಿಯ ಬಡ ಹುಡುಗರಿಗೆ ಅನ್ನದೊಂದಿಗೆ ನೆಲೆಯನ್ನೂ ಕೊಟ್ಟವು. ಹೈಸ್ಕೂಲು, ಕಾಲೇಜುಗಳಿದ್ದ ಊರಿನಲ್ಲಿ ಮಲಗಲು ಜಾಗ ಸಿಕ್ಕಿದ್ದರಿಂದಲೇ ಎಷ್ಟೋ ಜನ ಓದು ಮುಂದುವರಿಸಿದರು. ವಸತಿಯೇ ಶಿಕ್ಷಣದ ಮೊದಲ ಮೆಟ್ಟಿಲು ಎಂಬುದನ್ನು ಯೋಜನಾಶಾಸ್ತ್ರ ಬರುವ ಮುನ್ನವೇ ದಾಸೋಹದ ಪರಂಪರೆ ಅರಿತಿತ್ತು. ಆದರೆ ಪ್ರಸಾದನಿಲಯ ಕೈಹಿಡಿದದ್ದು ತಂದೆ-ತಾಯಿಯನ್ನು ಬಿಟ್ಟಿರಬಲ್ಲ ವಯಸ್ಸಿನ ವಿದ್ಯಾರ್ಥಿಯನ್ನು, ಅದರಲ್ಲಿಯೂ ಬಹುಮಟ್ಟಿಗೆ ಗಂಡುಮಕ್ಕಳನ್ನು.

ಕಬ್ಬು ಕಡಿಯುವ ಗ್ಯಾಂಗಿನ ಮಗುವಿನ ಸ್ಥಿತಿ ಬೇರೆ. ಶಾಲೆ ಜೂನಿನಲ್ಲಿ ತೆರೆದರೆ, ಕಬ್ಬು ನುರಿಸುವ ಹಂಗಾಮು ಅಕ್ಟೋಬರ್-ನವೆಂಬರಿನಲ್ಲಿ ಆರಂಭವಾಗಿ ಸುಮಾರಾಗಿ ಮಾರ್ಚಿನವರೆಗೆ ನಡೆಯುತ್ತದೆ. ಹೀಗಾಗಿ ಶಾಲಾವರ್ಷದ ಉತ್ತರಾರ್ಧವೆಲ್ಲ ಆ ಮಗು ಸ್ವಂತ ಊರಿನಲ್ಲಿರುವುದಿಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಂಥ ಬರಗಾಲದ ಸೀಮೆಗಳಿಂದ ಬರುವ ಕುಟುಂಬಗಳು ತಾಡಪತ್ರಿಯ ಜೋಪಡಿಗಳಲ್ಲಿ ಉಳಿಯುತ್ತವೆ. ಗಂಡ-ಹೆಂಡತಿ ಜೋಡಿಯಾಗಿ ನಸುಕಿನಲ್ಲೇ ಹೊಲಕ್ಕೆ ಇಳಿಯುವುದರಿಂದ ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಹೊಣೆ ಹಿರಿಯ ಮಗಳ ಮೇಲೆ ಬೀಳುತ್ತದೆ; ಮರಾಠಿ ಮನೆಮಾತಿನ ಮಗುವಿಗೆ ಹತ್ತಿರದ ಕನ್ನಡ ಶಾಲೆಯ ಪಾಠ ತಿಳಿಯದೆ ಹೋಗಬಹುದು. ಜೋಪಡಿಗೆ ಮನೆ ನಂಬರಿಲ್ಲ, ಉತಾರ, ಎಂದರೆ ಆಸ್ತಿಯ ದಾಖಲೆ, ಇಲ್ಲ; ಆದ್ದರಿಂದ ವಸತಿ ಯೋಜನೆಯ ಎಣಿಕೆಗೆ ಆ ಕುಟುಂಬ ಅಲ್ಲಿ ಸಿಗುವುದೇ ಇಲ್ಲ.

ಕಾನೂನು ಇವರನ್ನು ಮರೆತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಮು ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಸ್ಥಳೀಯ ಸಂಸ್ಥೆಯ ಕರ್ತವ್ಯವನ್ನಾಗಿ ಮಾಡಿದೆ, 5ನೇ ಕಲಮು ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವುದನ್ನು ತಡೆದಿದೆ. ಇಲ್ಲದಿರುವುದು ಜಾಗ: ಶಾಲೆಗೆ ನಡೆದುಹೋಗುವಷ್ಟು ಸಮೀಪದಲ್ಲಿ, ನೀರು, ಶೌಚಾಲಯ, ದೀಪ ಇರುವ, ಹಂಗಾಮಿನ ಆರು ತಿಂಗಳಿಗೆಂದೇ ನಕ್ಷೆಯಲ್ಲಿ ಕಾದಿರಿಸಿದ ಬಯಲು. ಇದಕ್ಕೆ ಬೇಕಾದ ಎಣಿಕೆಯೂ ಕಷ್ಟದ್ದಲ್ಲ. ಗ್ಯಾಂಗಿನ ಮುಕಾದಮನಿಗೆ, ಎಂದರೆ ಕೂಲಿಗಳನ್ನು ಕರೆತರುವ ಮೇಸ್ತ್ರಿಗೆ, ಹಂಗಾಮಿಗೆ ಮುಂಚೆಯೇ ಮುಂಗಡ ಹಣ ಸಂದಾಯವಾಗಿರುವುದರಿಂದ ಎಷ್ಟು ಜೋಡಿಗಳು ಬರುತ್ತವೆ ಎಂಬ ಅಂದಾಜು ಮೊದಲೇ ಇರುತ್ತದೆ. ಆ ಜೋಡಿಗಳ ಪಟ್ಟಿಯೊಂದನ್ನು ಮಾಡಿ, ಅದರಲ್ಲಿ ಮಕ್ಕಳ ಹೆಸರು, ತರಗತಿ, ಮನೆಮಾತುಗಳಿಗೆ ಮೂರು ಕಲಂ ಸೇರಿಸಿ, ದಸರೆಗೆ ಮುನ್ನ ಪುರಸಭೆಗೂ ಕ್ಷೇತ್ರ ಶಿಕ್ಷಣಾಧಿಕಾರಿಗೂ ಒಂದೊಂದು ಪ್ರತಿ ತಲುಪಿಸಿದರೆ, ಗಾಡಿಗಳು ಬಂದಿಳಿಯುವ ಹೊತ್ತಿಗೆ ಶಿಕ್ಷಕರನ್ನೂ ಪುಸ್ತಕಗಳನ್ನೂ ಸಿದ್ಧವಾಗಿಡಬಹುದು.